ಕೃಷ್ಣಗಿರಿಯ ಪಾದ್ರಿ ಮೇಷ್ಟರು

ಜಪಾನಿಗೆ ಹೋಗಬೇಕಿದ್ದ ಮಿಷನ್ ಒಂದು ಕೃಷ್ಣಗಿರಿಗೆ ಬಂತು. ಅಮೆರಿಕದ ಮಿಸೌರಿ ಲೂಥರನ್ ಸಭೆಯವರು 1893ರಲ್ಲಿ ಪರದೇಶಕ್ಕೆ ಪಾದ್ರಿಗಳನ್ನು ಕಳಿಸಲು ತೀರ್ಮಾನಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಜಪಾನ್. ಅದೇ ಹೊತ್ತಿಗೆ ಥಿಯೋಡೋರ್ ನೇಥರ್, ಫ್ರಾನ್ಸ್ ಮೋನ್ ಎಂಬ ಇಬ್ಬರು ಜರ್ಮನರು ಬೈಬಲಿನ ಪ್ರತಿ ಮಾತೂ ದೋಷರಹಿತವೇ ಎಂಬ ವಾದದಲ್ಲಿ ಲೈಪ್ಸಿಗ್ ಮಿಷನ್ನಿನಿಂದ ಹೊರಬಿದ್ದಿದ್ದರು. ಇಬ್ಬರಿಗೂ ತಮಿಳುನಾಡಿನಲ್ಲಿ ಕೆಲಸ ಮಾಡಿದ ಅನುಭವವಿತ್ತು. ಭಾಷೆ ಬಲ್ಲವರೇ ಸಿಕ್ಕ ಮೇಲೆ ಜಪಾನ್ ಯಾರಿಗೆ ಬೇಕು? 1894ರ ಅಕ್ಟೋಬರಿನಲ್ಲಿ ಅವರಿಗೆ ದೀಕ್ಷೆಯಾಯಿತು. ಮರುವರ್ಷ ನೇಥರ್ ಕೃಷ್ಣಗಿರಿಯಲ್ಲಿ ಬಿಡಾರ ಹೂಡಿದರು.

ಆಗ ಕೃಷ್ಣಗಿರಿ ಸೇಲಂ ಜಿಲ್ಲೆಗೆ ಸೇರಿತ್ತು. ಊರಿಗೆ ನ್ಯಾರೋಗೇಜ್ ರೈಲು ಬಂದದ್ದು ಹತ್ತು ವರ್ಷ ತಡವಾಗಿ, 1905ರಲ್ಲಿ. ಅಲ್ಲಿಯತನಕ ತಿರುಪತ್ತೂರಿನಲ್ಲಿ ರೈಲಿಳಿದವರಿಗೆ ಎತ್ತಿನ ಗಾಡಿಯೇ ಗತಿ. ಕಡಲಾಚೆಯಿಂದ ಕಾಗದ ಬರಲು ವಾರಗಟ್ಟಲೆ ಕಾಯಬೇಕು. ಕೇಳಿದ ಹಣಕ್ಕೆ ಉತ್ತರ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತಿತ್ತು.

ಅಂದಿನ ಹಳ್ಳಿ ಶಾಲೆಯೆಂದರೆ ಜಗುಲಿಯ ಕೂಲಿಮಠ: ಹರಡಿದ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತೀಡಬೇಕು, ಮಗ್ಗಿಯನ್ನು ಒಕ್ಕೊರಲಿನಿಂದ ಕೂಗಬೇಕು. ಮಿಷನ್ ಶಾಲೆ ಅದಕ್ಕೆ ಬೈಬಲ್ ಕತೆಯನ್ನೂ ಭೂಗೋಳವನ್ನೂ ಸೇರಿಸಿತು. ಜಗಳ ಎದ್ದದ್ದು ಪಾಠಕ್ಕಲ್ಲ, ಚಾಪೆಗೆ. ಹೊಲೆಗೇರಿಯ ಹುಡುಗ ಒಳಗೆ ಬಂದು ಕೂತರೆ ಮೇಲುಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವುದು ಮದರಾಸು ಪ್ರಾಂತದ ಉದ್ದಗಲಕ್ಕೂ ನಡೆದ ಮಾತು. ಕೂತ ಹುಡುಗನಾದರೂ ಉಳಿಯುತ್ತಿದ್ದನೇ? ರಾಗಿ ಕೊಯ್ಲು ಬಂತೆಂದರೆ ಚಾಪೆ ಖಾಲಿ. ಗೌಡರ ದನ ಕಾಯುವ ಕೂಲಿಯನ್ನು ಬಿಡಿಸಿ ಮಗನನ್ನು ಶಾಲೆಗೆ ಕಳಿಸಿದರೆ ಅವ್ವ ಸಂಜೆಗೆ ಒಲೆಯ ಮೇಲೆ ಏನಿಡಬೇಕು? ಈ ಪ್ರಶ್ನೆಗೆ ಲೈಪ್ಸಿಗ್‌ನಲ್ಲಾಗಲಿ ಮಿಸೌರಿಯಲ್ಲಾಗಲಿ ಉತ್ತರ ಕಲಿಸಿರಲಿಲ್ಲ.

ಭಾಷೆಯ ಪಾಡೂ ಸಣ್ಣದಲ್ಲ. ಕೃಷ್ಣಗಿರಿಯಿಂದ ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ಹೊರಟರೆ ಒಂದು ಹಟ್ಟಿಯಲ್ಲಿ ಕನ್ನಡ, ಪಕ್ಕದ ಹಟ್ಟಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳೂ ಸೇರಿ ಮೂರೂ. ತಮಿಳೊಂದನ್ನೇ ಕಲಿತು ಬಂದ ಪಾದ್ರಿಗೆ ಅರ್ಧ ಸೀಮೆ ಮೂಕವಾಗುತ್ತಿತ್ತು. ಇಲ್ಲಿ ದುಡಿಮೆ ಯಾರದೆಂಬುದು ತಿಳಿಯುತ್ತದೆ: ದಿನದಿನವೂ ಪಾಠ ಹೇಳಿ ಮೂರು ಮಾತಲ್ಲೂ ತಂದೆತಾಯಿಗಳನ್ನು ಒಪ್ಪಿಸುತ್ತಿದ್ದವರು ಸಣ್ಣ ಸಂಬಳದ ಸ್ಥಳೀಯ ಉಪಾಧ್ಯಾಯರು. ಮಿಷನ್ ಚರಿತ್ರೆಗಳು ಬಿಳಿಯ ಪಾದ್ರಿಗಳ ಹೆಸರನ್ನು ಮರೆಯದೆ ಬರೆದಿಟ್ಟಿವೆ. ಈ ಮೇಷ್ಟರುಗಳಲ್ಲಿ ಹೆಚ್ಚಿನವರು ಬರೀ ಒಂದು ಸಂಖ್ಯೆ. ಇದು ಅನ್ಯಾಯವೇ.

ಹಾಗೆಂದು ನೇಥರ್ ಪಟ್ಟ ಪಾಡನ್ನು ಅಲ್ಲಗಳೆಯುವಂತಿಲ್ಲ. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಈ ಸೀಮೆಯನ್ನೂ ಬಿಡಲಿಲ್ಲ. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಜನ ಪಾತ್ರೆಪಡಗ ಹೊತ್ತು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳೆದ್ದದ್ದು ಆ ಭಯದಲ್ಲೇ. ಕಂಕುಳಲ್ಲಿ ಗಡ್ಡೆ ಎದ್ದವನು ವಾರ ಕಳೆಯುವುದು ಕಷ್ಟವಿತ್ತು. 1904ರಲ್ಲಿ ನೇಥರ್ ಕೃಷ್ಣಗಿರಿಯಲ್ಲೇ ಅದೇ ಪ್ಲೇಗಿಗೆ ಬಲಿಯಾದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಪಾಠ ಹೇಳುವವರಿಗೆ ಔಷಧಿಯೂ ಬೇಕೆಂಬುದು ಸಭೆಗೆ ಅರ್ಥವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. 1913ರಲ್ಲಿ ನರ್ಸ್ ಎಲ್ಲರ್ಮನ್ ಬಂದರು, ಬರ್ಗೂರಿನಲ್ಲಿ ದವಾಖಾನೆ ಶುರುವಾಯಿತು. ಅದರ ಬೆನ್ನಿಗೇ ಮಹಾಯುದ್ಧ. ಜರ್ಮನ್ ಪ್ರಜೆಗಳೆಲ್ಲ ರಾತ್ರೋರಾತ್ರಿ ಶತ್ರುಗಳಾದರು. ಮಂಗಳೂರಿನ ಬಾಸೆಲ್ ಮಿಷನ್ನಿಗೆ ಬಿದ್ದ ಪೆಟ್ಟು ಕನ್ನಡಿಗರಿಗೆ ಗೊತ್ತೇ ಇದೆ. ಮಿಸೌರಿ ಮಿಷನ್ನಿನ ಜರ್ಮನರಿಗೂ ಅದೇ ಸಂಕಟ. ಅಂಥ ದಿನಗಳಲ್ಲಿ ಶಾಲೆಯ ಬಾಗಿಲು ತೆರೆದಿಡುವ ಹೊರೆ ಮತ್ತೆ ಆ ಹೆಸರಿಲ್ಲದ ಮೇಷ್ಟರ ಹೆಗಲಿಗೇ.

ಹೊಸೂರು, ಕೃಷ್ಣಗಿರಿ, ಬರ್ಗೂರಿನ ಕಡೆ ಯಾರದಾದರೂ ಅಟ್ಟದ ಮೇಲೆ ಹಳೆಯ ಹಾಜರಿ ಪುಸ್ತಕವೋ ಅಜ್ಜನ ಉಪಾಧ್ಯಾಯ ಸರ್ಟಿಫಿಕೇಟೋ ಮಿಷನ್ ಶಾಲೆಯ ಗುಂಪು ಫೋಟೋವೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೋದಲ್ಲಿ ಪಾದ್ರಿಯ ಪಕ್ಕ ನಿಂತವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಹಿಂದುಗಡೆ ಹೆಸರು ಬರೆದಿಡಿ.