ಮಗು ನೋಡ್ಕೊಳ್ಳೋ ಜಾಗಕ್ಕೆ ಸರ್ಟಿಫಿಕೇಟ್ ಕೊಡೋರು ಯಾರು?

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಓಡಿಸಿಕೊಂಡು ಹೋದ ಇಸವಿ, ಅಂಕಿಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಇಟ್ಟಿದ್ದೀನಿ.

ವಿಶಾಖಪಟ್ಟಣದ ಗಾಜುವಾಕದಲ್ಲಿ ಡೇಕೇರ್ ಹುಡುಕೋಕೆ ಹೊರಟರೆ ಮೊದಲು ಸಿಗೋದು ಬೋರ್ಡು. ಬಣ್ಣದ ಗೋಡೆ, ಅದರ ಮೇಲೊಂದು ಆನೆಮರಿ, ಕೆಳಗೆ "ಐಎಸ್‌ಒ 9001" ಅಂತ ಒಂದು ಸಾಲು. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಈ ನಂಬರ್ ಹೊಸದಲ್ಲ. 1987ರಲ್ಲಿ ಬಂದ ಈ ಮಾನದಂಡ ಹೇಳೋದು ಇಷ್ಟು: ಸಂಸ್ಥೆ ತನ್ನ ಕೆಲಸದ ವಿಧಾನವನ್ನು ಬರೆದಿಟ್ಟಿದೆ, ಬರೆದ ಹಾಗೆ ನಡೆಯುತ್ತಿದೆ, ತಪ್ಪಾದರೆ ತಿದ್ದುವ ವ್ಯವಸ್ಥೆ ಇದೆ. ಬೋಲ್ಟ್ ಮಾಡೋ ಕಂಪನಿಗೂ ಅದೇ, ಬ್ಯಾಂಕಿಗೂ ಅದೇ. ಮಧ್ಯಾಹ್ನ ಎರಡು ಗಂಟೆಗೆ ಅಳ್ತಾ ಎದ್ದ ಒಂದೂವರೆ ವರ್ಷದ ಮಗುವನ್ನ ಎತ್ಕೊಳ್ಳೋಕೆ ಅಲ್ಲಿ ಖಾಲಿ ಕೈ ಇತ್ತಾ ಅನ್ನೋದನ್ನ ಅದು ಪ್ರತ್ಯೇಕವಾಗಿ ಅಳೆಯೋಲ್ಲ.

ಹಾಗಾದ್ರೆ ಅದನ್ನ ಅಳೆಯೋರು ಯಾರು? ಊರಲ್ಲಿದ್ದಾಗ ಈ ಪ್ರಶ್ನೆಯೇ ಬರ್ತಿರಲಿಲ್ಲ, ಅಜ್ಜಿ ಇದ್ದರು. ಹಾಸನದಿಂದಲೋ ದಾವಣಗೆರೆಯಿಂದಲೋ ಇಷ್ಟು ದೂರ ಬಂದ ಗಂಡ ಹೆಂಡತಿ ಇಬ್ಬರಿಗೂ ಲಾಗಿನ್ ಟೈಮ್ ಇದೆ, ಅಜ್ಜಿ ಇಲ್ಲ. ಗುರುತಿಲ್ಲದವರ ಕೈಗೆ ಮಗು ಕೊಡಬೇಕಾದಾಗ ಮೂರನೆಯವರೊಬ್ಬರು ನೋಡಿ "ಪರವಾಗಿಲ್ಲ" ಅಂತ ಹೇಳಬೇಕಾಗುತ್ತೆ. ಮಾನ್ಯತೆ ಅನ್ನೋ ದೊಡ್ಡ ಪದದ ಒಳಗಿರೋದು ಇಷ್ಟೇ. ನಮ್ಮ ದೇಶದಲ್ಲಿ ಆ ಮೂರನೆಯವರು ಎಲ್ಲಿಂದ ಬಂದರು, ಬಂದು ಏನನ್ನ ಎಣಿಸಿದರು ಅಂತ ನೋಡೋಣ.

ಮೊದಲು ಎಣಿಸಿದ್ದು ತಾಯಂದಿರನ್ನ. 1948ರ ಫ್ಯಾಕ್ಟರಿ ಕಾಯ್ದೆಯ 48ನೇ ಕಲಂ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು. 1976ರ ತಿದ್ದುಪಡಿ ಆ 50ನ್ನು 30ಕ್ಕೆ ಇಳಿಸಿತು. 1951ರ ಪ್ಲಾಂಟೇಶನ್ ಕಾಯ್ದೆ ಇದನ್ನೇ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ತಂದಿತು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕೇಂದ್ರ ನಿಯಮಗಳಲ್ಲಿ 20 ಹೆಂಗಸರಿದ್ದರೆ ಎರಡು ಕೋಣೆ: ಒಂದು ಆಡೋಕೆ, ಒಂದು ಮಲಗೋಕೆ. ಇದನ್ನ ಬರೆದ ಗುಮಾಸ್ತರಿಗೆ ಮನೆಯಲ್ಲಿ ಮಕ್ಕಳಿದ್ದಿರಬೇಕು ಅಂತ ನನಗೆ ಅನ್ಸುತ್ತೆ. ಮಲಗಿರೋ ಕೂಸಿನ ಪಕ್ಕದಲ್ಲೇ ನಾಲ್ಕು ವರ್ಷದವರು ಕುಣಿದರೆ ಏನಾಗುತ್ತೆ ಅಂತ ಗೊತ್ತಿದ್ದವರ ನಿಯಮ ಅದು.

1948ರ ಕಾಯ್ದೆಯಲ್ಲಿ ಇನ್ನೊಂದು ಅರ್ಧ ವಾಕ್ಯ ಇದೆ: ಆ ಕೋಣೆ ಶಿಶುಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯರ ಉಸ್ತುವಾರಿಯಲ್ಲಿರಬೇಕು. ಗುಣಮಟ್ಟದ ಬೀಜ ಇದ್ದಿದ್ದು ಆ ಅರ್ಧ ವಾಕ್ಯದಲ್ಲೇ. ಆದರೆ ಇನ್‌ಸ್ಪೆಕ್ಟರ್ ಬಂದಾಗ ಕೋಣೆ ಇದೆಯಾ ಇಲ್ಲವಾ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ತರಬೇತಿ ಆಗಿದೆಯಾ, ಆ ತರಬೇತಿ ಮಗುವಿನ ಹತ್ತಿರ ಕೆಲಸಕ್ಕೆ ಬರ್ತಿದೆಯಾ ಅಂತ ತಿಳಿಯೋಕೆ ಅರ್ಧ ದಿನ ಕೂತು ನೋಡಬೇಕು.

ಗಾಜುವಾಕದ ಮಟ್ಟಿಗೆ ಈ ಇಸವಿಗಳನ್ನ ಒಮ್ಮೆ ಜೋಡಿಸಿ ನೋಡಿ. ಈ ಊರು ಈಗಿನ ಗಾತ್ರಕ್ಕೆ ಬೆಳೆದಿದ್ದರಲ್ಲಿ ಪಕ್ಕದ ಉಕ್ಕಿನ ಕಾರ್ಖಾನೆಯ ಪಾಲು ದೊಡ್ಡದು. 1966ರ "ವಿಶಾಖ ಉಕ್ಕು ಆಂಧ್ರರ ಹಕ್ಕು" ಚಳವಳಿ, 1971ರ ಜನವರಿಯಲ್ಲಿ ಇಂದಿರಾ ಗಾಂಧಿ ಇಟ್ಟ ಅಡಿಗಲ್ಲು, 1992ರಲ್ಲಿ ಪಿ.ವಿ. ನರಸಿಂಹರಾವ್ ಮಾಡಿದ ಲೋಕಾರ್ಪಣೆ. ಕಟ್ಟಡ ಕಾರ್ಮಿಕರಿಗಾಗಿಯೇ ಮಾಡಿದ, ಅವರ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದ ಕಾಯ್ದೆ ಬಂದದ್ದು 1996ರಲ್ಲಿ. ಕಾರ್ಖಾನೆ ಕಟ್ಟಿ ಮುಗಿದು ನಾಲ್ಕು ವರ್ಷ ಆಗಿತ್ತು.

ಕಾಯ್ದೆಗೆ ಕಾಯದೆ ಈ ಕೆಲಸಕ್ಕೆ ಇಳಿದವರು ದೆಹಲಿಯಲ್ಲಿದ್ದರು. 1969, ಗಾಂಧಿ ಶತಮಾನೋತ್ಸವದ ವರ್ಷ. ರಾಜಘಾಟ್ ಹತ್ತಿರ ಕಟ್ಟಡದ ಕೆಲಸ ನಡೆಯುತ್ತಿದ್ದ ಕಡೆ ಕೂಲಿ ಹೆಂಗಸರ ಮಕ್ಕಳು ಮಣ್ಣಲ್ಲಿ ಬಿದ್ದಿದ್ದನ್ನ ಕಂಡು ಮೀರಾ ಮಹಾದೇವನ್ ಅಲ್ಲೇ ಒಂದು ಟೆಂಟಿನಲ್ಲಿ ಮಕ್ಕಳನ್ನ ನೋಡಿಕೊಳ್ಳೋಕೆ ಶುರು ಮಾಡಿದರು. ಮುಂದೆ ಅದು ಮೊಬೈಲ್ ಕ್ರೆಶಸ್ ಸಂಸ್ಥೆಯಾಯಿತು. ಕೆಲಸ ಮುಗಿದು ಕೂಲಿಯವರು ಮುಂದಿನ ಸೈಟಿಗೆ ಹೋದರೆ ಕೇಂದ್ರವೂ ಹೋಗುತ್ತೆ. ಈ ಸಂಸ್ಥೆ ಬೇಗ ಕಂಡುಕೊಂಡಿದ್ದು ನೋಡಿಕೊಳ್ಳುವವರ ತರಬೇತಿಯ ಮಹತ್ವವನ್ನ. 1948ರ ಅರ್ಧ ವಾಕ್ಯವನ್ನ ಪೂರ್ತಿ ಮಾಡೋಕೆ ಹೊರಟ ಮೊದಲಿಗರಲ್ಲಿ ಇವರನ್ನ ಎಣಿಸಬಹುದು.

ಸರ್ಕಾರ ದೊಡ್ಡದಾಗಿ ಇಳಿದಿದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ದೇಶದಾದ್ಯಂತ 33 ಕಡೆ. ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, 100 ಅಂಗನವಾಡಿಗಳು. "ಅಂಗನವಾಡಿ" ಅನ್ನೋ ಕಲ್ಪನೆ ಅದಕ್ಕೂ ಹಳೆಯದು. ಸ್ವಾತಂತ್ರ್ಯಕ್ಕೂ ಮುಂಚೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಬಡವರ ಮನೆಯಂಗಳದಲ್ಲೇ ಮಕ್ಕಳನ್ನ ಸೇರಿಸಿ ಪಾಠ ಶುರು ಮಾಡಿದ್ದರು.

ಈ ಯೋಜನೆಯ ಲೆಕ್ಕ ಹೀಗಿತ್ತು: ಹಳ್ಳಿಗಾಡಿನಲ್ಲಿ ಸುಮಾರು 1,000 ಜನಸಂಖ್ಯೆಗೆ ಒಂದು ಕೇಂದ್ರ, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಆರು ಸೇವೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ. ಲಸಿಕೆ, ತಪಾಸಣೆಗೆ ಆರೋಗ್ಯ ಇಲಾಖೆಯವರು ಬರ್ತಾರೆ ಅಂದರೂ ಮಕ್ಕಳನ್ನ ಕರೆತಂದು ಕೂರಿಸೋದು ಇವರೇ. ಒಂದು ಪ್ರಾಸೆಸರಿಗೆ ಇಷ್ಟು ಥ್ರೆಡ್ ಕೊಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇದರ ಮೇಲೆ ರಿಜಿಸ್ಟರ್‌ಗಳು, 2012ರ ಹೊತ್ತಿಗೆ ಪರಿಷ್ಕರಿಸಿದ ಮೇಲೂ 11. ಆಮೇಲೆ 2021ರಲ್ಲಿ ಮೊಬೈಲಿಗೆ ಪೋಷಣ್ ಟ್ರ್ಯಾಕರ್ ಬಂತು. ಹಾಜರಿ, ತೂಕ, ಎತ್ತರ, ಊಟ, ಎಲ್ಲ ಮೇಲಕ್ಕೆ ಹೋಗುತ್ತೆ. ತೂಕ ಬಹಳ ಮುಖ್ಯ, ಅದನ್ನ ಸಣ್ಣದು ಮಾಡ್ತಿಲ್ಲ. ಒಂದೊಂದು ಮಗುವಿನ ಪ್ರಾಣ ಉಳಿಸಿದ ಅಂಕಿ ಅದು. ಆದರೆ ಡೇಟಾಬೇಸಿನಲ್ಲಿ ಕಾಲಂ ಇಲ್ಲದ ವಿಷಯ ಡ್ಯಾಶ್‌ಬೋರ್ಡಿನಲ್ಲಿ ಕಾಣೋಲ್ಲ. ಮಿಸ್ಸು ಇವತ್ತು ಮಗುವಿನ ಜೊತೆ ಎಷ್ಟು ಹೊತ್ತು ಮಾತಾಡಿದರು ಅನ್ನೋದು ತಕ್ಕಡಿಯಲ್ಲಿ ತೂಗೋ ಸಂಗತಿ ಅಲ್ಲ.

ಈಗ 2006ರ ಡಿಸೆಂಬರಿನ ಒಂದು ವಾರಕ್ಕೆ ಬನ್ನಿ, ಈ ಇಡೀ ಇತಿಹಾಸದಲ್ಲಿ ನನ್ನನ್ನ ಹೆಚ್ಚು ಕಾಡಿದ ವಾರ ಅದು. ಡಿಸೆಂಬರ್ 7ರಂದು, ಕರ್ನಾಟಕ ಸರ್ಕಾರವೇ ಮೇಲ್ಮನವಿ ಹಾಕಿದ್ದ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ, ಹಾಗಾಗಿ ಅವರು ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆರು ದಿನ ಬಿಟ್ಟು, ಡಿಸೆಂಬರ್ 13ರಂದು, ಆಹಾರದ ಹಕ್ಕಿನ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ, 2008ರ ಡಿಸೆಂಬರ್ ಒಳಗೆ ದೇಶದಲ್ಲಿ ಕನಿಷ್ಠ 14 ಲಕ್ಷ ಅಂಗನವಾಡಿಗಳು ನಡೆಯಬೇಕು ಅಂತ ಆದೇಶಿಸಿತು. ಎರಡೂ ತೀರ್ಪು ತಮ್ಮ ತಮ್ಮ ಪ್ರಶ್ನೆಗೆ ಉತ್ತರ ಕೊಟ್ಟವು, ಅದರಲ್ಲಿ ತಪ್ಪು ಹುಡುಕೋಕೆ ನಾನು ವಕೀಲನಲ್ಲ. ಒಟ್ಟಿಗೆ ಇಟ್ಟು ಓದಿದರೆ ಮಾತ್ರ ಕಾಣೋ ಚಿತ್ರ ಬೇರೆ: ಕೇಂದ್ರ ಮಕ್ಕಳ ಹಕ್ಕು, ಅದನ್ನ ನಡೆಸೋಳು ಗೌರವಧನದ ಸ್ವಯಂಸೇವಕಿ. 2022ರ ಏಪ್ರಿಲಿನಲ್ಲಿ, ಗುಜರಾತಿನಿಂದ ಬಂದ ಪ್ರಕರಣದಲ್ಲಿ, ಇವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ಕೋರ್ಟ್ ಹೇಳಿದ್ದು ಒಂದು ತಿರುವು.

ಅಷ್ಟರಲ್ಲಿ ಅವರು ಬೀದಿಗೂ ಬಂದಿದ್ದರು. 2017ರ ಮಾರ್ಚಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಸಾವಿರಾರು ಕಾರ್ಯಕರ್ತೆಯರು ರಸ್ತೆಯಲ್ಲೇ ರಾತ್ರಿ ಕಳೆದದ್ದನ್ನ ನಿಮ್ಮಲ್ಲಿ ಕೆಲವರು ಕ್ಯಾಬಿನ ಕಿಟಕಿಯಿಂದ ನೋಡಿರಬಹುದು. ನಾವೀಗ ಇರೋ ಆಂಧ್ರದಲ್ಲಿ 2023ರ ಡಿಸೆಂಬರ್ 12ರಂದು ಶುರುವಾದ ಮುಷ್ಕರ 42 ದಿನ ನಡೆಯಿತು. ಆಗ ಕಾರ್ಯಕರ್ತೆಗೆ ತಿಂಗಳಿಗೆ 11,500 ರೂಪಾಯಿ, ಸಹಾಯಕಿಗೆ 7,000. ಜನವರಿಯಲ್ಲಿ ಸರ್ಕಾರ ಎಸ್ಮಾ ಹಾಕಿತು, ಹೋರಾಟ "ಚಲೋ ವಿಜಯವಾಡ" ತನಕ ಹೋಯಿತು. ಆ ದಿನಗಳ ವರದಿಗಳಲ್ಲಿ ಒಂದು ಸಂಗತಿ ಇತ್ತು: ಸಚಿವಾಲಯಂ ಸಿಬ್ಬಂದಿಯನ್ನ ಕಳಿಸಿ, ಬೀಗ ಒಡೆಸಿ, ಕೇಂದ್ರಗಳನ್ನ ತೆರೆಸಿದ್ದರು. ಬಾಗಿಲು ತೆರೆದಿದೆಯಾ ಅಂತಷ್ಟೇ ಎಣಿಸಿದರೆ ಆ ದಿನವೂ ಲೆಕ್ಕ ಸರಿ. ಒಳಗಿದ್ದ ಮಕ್ಕಳಿಗೆ ಗುರುತಿದ್ದ ಮುಖ ಮಾತ್ರ ಹೊರಗೆ ಧರಣಿಯಲ್ಲಿತ್ತು.

ಕಾಗದದ ಮೇಲೆ ಮಾನದಂಡ ಇಲ್ಲ ಅಂತಲ್ಲ. 2013ರ ರಾಷ್ಟ್ರೀಯ ನೀತಿ ಚೆನ್ನಾಗೇ ಬರೆದಿದೆ: 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, 30 ಚದರ ಮೀಟರ್ ಬಯಲು, ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡ 20 ಮಕ್ಕಳಿಗೆ ಒಬ್ಬರು, ಕಲಿಕೆ ಮಾತೃಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿ. ಆ "ಅಥವಾ" ನಮ್ಮಂಥವರ ಮನೆಯಲ್ಲಿ ದಿನಾ ಕಾಣುತ್ತೆ. ಗಾಜುವಾಕದ ಕನ್ನಡದ ಕೂಸು ನೀರು ಕೇಳೋದು "ನೀಳ್ಳು" ಅಂತ. ನನಗೆ ಅದರಲ್ಲಿ ದೂರಿಲ್ಲ, ಆಯಮ್ಮನಿಗೆ ತೆಲುಗಲ್ಲಿ ತಾನೇ ಪ್ರೀತಿ ಮಾಡೋಕೆ ಬರೋದು.

2018ರ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಕಚೇರಿಗಳ ಶಿಶುಪಾಲನಾ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮಗುವಿಗೆ 10ರಿಂದ 12 ಚದರಡಿ ಜಾಗ. ನಿಮ್ಮ ಮನೆಯ ಸಿಂಗಲ್ ಹಾಸಿಗೆ ಆರಕ್ಕೆ ಮೂರು, ಅಂದರೆ 18 ಚದರಡಿ. ಆಸ್ಟ್ರೇಲಿಯಾದ ನಿಯಮ ಒಳಗಡೆಯೇ ಮಗುವಿಗೆ 3.25 ಚದರ ಮೀಟರ್ ಕೇಳುತ್ತೆ, ಸುಮಾರು 35 ಚದರಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ನಾಲ್ಕಕ್ಕೊಬ್ಬರು. ನಾವು ಹತ್ತಕ್ಕೊಬ್ಬರು.

ಆಸ್ಟ್ರೇಲಿಯಾದ ಹೆಸರು ಎತ್ತಿದ್ದಕ್ಕೆ ಕಾರಣ ಇದೆ. 1985ರಲ್ಲಿ ಅಮೆರಿಕದಲ್ಲಿ ಶಿಶುಶಿಕ್ಷಕರ ರಾಷ್ಟ್ರೀಯ ಸಂಘ ಮಾನ್ಯತೆ ಕೊಡೋಕೆ ಶುರು ಮಾಡಿದಾಗ ಅದು ಐಚ್ಛಿಕ, ಇಷ್ಟ ಇದ್ದ ಕೇಂದ್ರ ಮಾತ್ರ ಬರೋದು. 1994ರಲ್ಲಿ ಆಸ್ಟ್ರೇಲಿಯಾ ಅದಕ್ಕೆ ದುಡ್ಡು ಕಟ್ಟಿತು: ಮಾನ್ಯತೆ ವ್ಯವಸ್ಥೆಗೆ ಸೇರದ ಡೇಕೇರಿಗೆ ಹೋದರೆ ತಂದೆತಾಯಿಗೆ ಫೀಸಿನ ಸರ್ಕಾರಿ ನೆರವು ಸಿಗೋಲ್ಲ. ಹಾಗೆ ಮಾಡಿದ ಮೇಲೂ ಅನಾಹುತ ತಪ್ಪಲಿಲ್ಲ. ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದ ಎಬಿಸಿ ಲರ್ನಿಂಗ್ ಕಂಪನಿ 2008ರ ನವೆಂಬರಿನಲ್ಲಿ ಸಾಲದಲ್ಲಿ ಮುಳುಗಿತು. ಮಾನ್ಯತೆ ಕೊಟ್ಟವರು ಕೋಣೆ ನೋಡಿದ್ದರು, ಬ್ಯಾಲೆನ್ಸ್ ಶೀಟ್ ನೋಡುವುದು ಅವರ ಕೆಲಸ ಆಗಿರಲಿಲ್ಲ. 2012ರಿಂದ ಅಲ್ಲಿ ಹೊಸ ರಾಷ್ಟ್ರೀಯ ಚೌಕಟ್ಟು ಇದೆ, ಪ್ರತಿ ಕೇಂದ್ರವೂ ತನಗೆ ಸಿಕ್ಕ ದರ್ಜೆಯನ್ನ ಬಾಗಿಲಲ್ಲೇ ಹಾಕಬೇಕು. ಮೆಲ್ಬರ್ನ್, ಸಿಡ್ನಿಯಲ್ಲಿರೋ ನಮ್ಮವರು ಇದನ್ನ ನೋಡಿರ್ತೀರಿ.

ನನಗೆ ಹೆಚ್ಚು ಪಾಠ ಕಾಣೋದು ಅಮೆರಿಕದ ಸೇನೆಯಲ್ಲಿ. ವಿಚಿತ್ರ ಅನ್ಸುತ್ತೆ, ನಿಜ. 1980ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಪ್ರೆಸಿಡಿಯೊ ಸೇರಿ ಸೇನಾ ನೆಲೆಗಳ ಡೇಕೇರ್‌ಗಳ ಮೇಲೆ ಗಂಭೀರ ಆರೋಪಗಳು ಬಂದವು. 1989ರಲ್ಲಿ ಸಂಸತ್ತು ಸೇನಾ ಶಿಶುಪಾಲನಾ ಕಾಯ್ದೆ ಮಾಡಿತು. ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಹೇಳದೆ ಕೇಳದೆ ತಪಾಸಣೆ. ಪ್ರತಿ ಕೇಂದ್ರಕ್ಕೂ ತಂದೆತಾಯಿಯರ ಮಂಡಳಿ. ಇವುಗಳ ಜೊತೆಗೆ, ನೋಡಿಕೊಳ್ಳುವವರ ಸಂಬಳವನ್ನ ನೆಲೆಯ ಬೇರೆ ನೌಕರರ ಸಂಬಳಕ್ಕೆ ಹೊಂದಿಸಿ, ತರಬೇತಿ ಮುಗಿಸಿದ ಹಾಗೆ ಏರುವಂತೆ ಮಾಡಿದರು. ಕೆಲಸ ಬಿಟ್ಟು ಹೋಗುವವರು ಕಡಿಮೆಯಾದರು. ಸುಮಾರು ಹತ್ತು ವರ್ಷದಲ್ಲಿ ಸೇನೆಯ ಬಹುಪಾಲು ಕೇಂದ್ರಗಳಿಗೆ ಮಾನ್ಯತೆ ಸಿಕ್ಕಿತ್ತು. ಹೊರಗಿನ ಕೇಂದ್ರಗಳಲ್ಲಿ ಹತ್ತಕ್ಕೊಂದೂ ಆ ಮಟ್ಟ ಮುಟ್ಟಿರಲಿಲ್ಲ. ನಾವು ಎಣಿಸಿದ್ದೆಲ್ಲವನ್ನೂ ಅವರೂ ಎಣಿಸಿದರು, ಜೊತೆಗೆ ಆಯಮ್ಮನ ಸಂಬಳವನ್ನೂ ಎಣಿಸಿದರು.

ಕೊನೆಗೆ ನಮ್ಮ ಆಫೀಸು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿದ 11ಎ ಕಲಂ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಸೌಲಭ್ಯ ಕಡ್ಡಾಯ ಮಾಡಿತು. ಈ 50ರಲ್ಲಿ ಗಂಡಸರೂ ಲೆಕ್ಕಕ್ಕೆ ಬರ್ತಾರೆ, 1948ಕ್ಕಿಂತ ದೊಡ್ಡ ಬದಲಾವಣೆ ಇದು. ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡಿ ಬರೋ ಹಕ್ಕನ್ನ ಮಾತ್ರ ಕಾಯ್ದೆ ತಾಯಿಯ ಹೆಸರಿಗಷ್ಟೇ ಬರೆಯಿತು. ಬಹಳ ಕಂಪನಿಗಳು ಖಾಸಗಿ ಡೇಕೇರ್ ಜೊತೆ ಒಪ್ಪಂದ ಮಾಡ್ಕೊಳ್ತವೆ. ಆಫೀಸು ರುಷಿಕೊಂಡದಲ್ಲಿ, ಮನೆ ಗಾಜುವಾಕದಲ್ಲಿ, ಊರಿನ ಎರಡು ತುದಿ. ಡೇಕೇರ್ ಯಾವ ತುದಿಯಲ್ಲಿದೆ ಅನ್ನೋದರ ಮೇಲೆ ಆ ನಾಲ್ಕು ಭೇಟಿ ನಿಜವೋ ಕಾಗದವೋ ಅಂತ ನಿಂತಿದೆ.

ಹಾಗಾಗಿ ಎಚ್‌ಆರ್ ಲಿಸ್ಟ್ ಕಳಿಸಿದಾಗ ನಾನು ಕೇಳಿದ ಪ್ರಶ್ನೆಗಳನ್ನ ಇಲ್ಲಿ ಹಾಕ್ತೀನಿ, ಬೇಕಾದವರು ತಗೊಳ್ಳಿ. ಎರಡು ವರ್ಷದೊಳಗಿನ ಮಕ್ಕಳು ಎಷ್ಟು, ಅವರ ಜೊತೆ ಇಡೀ ದಿನ ಇರೋರು ಎಷ್ಟು ಜನ? ಈಗಿರೋ ಆಯಮ್ಮ ಎಷ್ಟು ತಿಂಗಳಿಂದ ಇದ್ದಾರೆ, ಅವರ ಹಿಂದಿನವರು ಯಾಕೆ ಬಿಟ್ಟರು? ಅವರಿಗೆ ಪಿಎಫ್ ಇದೆಯಾ? ಹೇಳದೆ ಬಂದರೆ ಒಳಗೆ ಬಿಡ್ತೀರಾ? ಮೊದಲನೆಯದಕ್ಕೆ ಎಲ್ಲರ ಹತ್ತಿರವೂ ಉತ್ತರ ರೆಡಿ ಇತ್ತು. ಪಿಎಫ್ ಪ್ರಶ್ನೆಗೆ ಎಚ್‌ಆರ್ ಇಂದ ವಾಪಸ್ ಮೇಲ್ ಬಂತು: ಇದುವರೆಗೂ ಯಾರೂ ಕೇಳಿರಲಿಲ್ಲ, ಮುಂದಿನ ಸಲ ಒಪ್ಪಂದ ನವೀಕರಿಸುವಾಗ ಸೇರಿಸ್ತೀವಿ ಅಂತ.