ನರಕಕ್ಕೆ ಕೊನೆ ಉಂಟೆ? ಒಂದು ವಿಶೇಷಣದ ಚರಿತ್ರೆ

ಕಷ್ಟ ಹೆಚ್ಚಾದಾಗ ನಮ್ಮ ಜನ “ಈ ನರಕ ಯಾವಾಗ ಮುಗೀತದೋ” ಅಂತಾರೆ. ಎಂದಾದರೂ ಮುಗಿದೀತೆಂಬ ನಂಬಿಕೆ ಆ ಮಾತಿನೊಳಗೇ ಇದೆ. ಪುರಾಣಗಳಲ್ಲೂ ಜೈನ ಗ್ರಂಥಗಳಲ್ಲೂ ನರಕವಾಸಕ್ಕೆ ಅವಧಿಯುಂಟು. ಅದು ತೀರಿದ ಮೇಲೆ ಜೀವ ಬೇರೆ ಜನ್ಮಕ್ಕೆ ಹೋಗುತ್ತದೆ. ಕ್ರೈಸ್ತ ನರಕಕ್ಕೆ ಕೊನೆ ಇದೆಯೇ ಎಂಬುದು ಮಾತ್ರ ಶತಮಾನಗಳ ವಾದ. ಆ ವಾದದಲ್ಲಿ ಒಂದು ಪದಕ್ಕೆ ಬಿದ್ದ ಭಾರ ಭಾಷಾಭ್ಯಾಸಿಗಳು ಗಮನಿಸತಕ್ಕದ್ದು.

ಹೊಸ ಒಡಂಬಡಿಕೆಯ ‘ಗೆಹೆನ್ನ’ ಮೂಲತಃ ಸ್ಥಳನಾಮ: ಜೆರುಸಲೇಮಿನ ದಕ್ಷಿಣದ ಹಿನ್ನೋಮ್ ಕಣಿವೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಶಿಕ್ಷೆಗೆ ಹಚ್ಚಿದ ಗ್ರೀಕ್ ವಿಶೇಷಣ ‘ಅಯೋನಿಯೋಸ್’. ‘ಅಯೋನ್’ ಅಂದರೆ ಯುಗ. ಹಾಗಾಗಿ ಯುಗಕ್ಕೆ ಸೇರಿದ್ದು ಎಂದೂ ಅರ್ಥ ಮಾಡಬಹುದು, ಕೊನೆಯಿಲ್ಲದ್ದು ಎಂದೂ ಮಾಡಬಹುದು.

3ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಆರಿಜೆನ್ ದೇವರ ಶಿಕ್ಷೆಯನ್ನು ವೈದ್ಯನ ಚಿಕಿತ್ಸೆಯಂತೆ ಕಂಡ. 4ನೆಯ ಶತಮಾನದ ನಿಸ್ಸಾದ ಗ್ರೆಗರಿ, ಬೆಂಕಿ ಚಿನ್ನದ ಕಲ್ಮಷ ಸುಡುವ ಹಾಗೆ ಎಂದ. ಇಬ್ಬರಿಗೂ ಗ್ರೀಕ್ ಮನೆಮಾತು. ಪಶ್ಚಿಮದ ಅಗಸ್ಟೀನ್ ಓದಿ ಬರೆದದ್ದು ಲ್ಯಾಟಿನ್‌ನಲ್ಲಿ. ಅಲ್ಲಿ ಆ ಪದ ‘ಈಟರ್ನುಸ್’ ಆಗಿತ್ತು. ‘ದೇವರ ನಗರ’ದ (413–426) 21ನೆಯ ಭಾಗದಲ್ಲಿ ಅವನ ವಾದ ನೇರವಾದದ್ದು: ಒಂದೇ ವಾಕ್ಯದಲ್ಲಿ ಶಿಕ್ಷೆಗೂ ಜೀವಕ್ಕೂ ಒಂದೇ ವಿಶೇಷಣವಿದೆ, ಶಿಕ್ಷೆ ಮುಗಿಯುವುದಾದರೆ ಸ್ವರ್ಗಸುಖವೂ ಮುಗಿಯಬೇಕಲ್ಲ! ಈ ಪ್ರಶ್ನೆಗೆ ಉತ್ತರ ಸುಲಭವಲ್ಲ.

543ರಲ್ಲಿ ಚಕ್ರವರ್ತಿ ಜಸ್ಟೀನಿಯನ್, ಶಿಕ್ಷೆ ತಾತ್ಕಾಲಿಕ ಎಂಬವರನ್ನು ಶಪಿಸುವ ಶಾಸನ ಹೊರಡಿಸಿದ. ಆರಿಜೆನ್‌ನ ‘ಮೂಲತತ್ತ್ವಗಳು’ ಕೃತಿಯ ಗ್ರೀಕ್ ಮೂಲ ಬಹುಪಾಲು ಕಳೆದುಹೋಯಿತು. ಇಂದು ನಾವು ಹೆಚ್ಚಾಗಿ ಓದುವುದು ರುಫೀನುಸ್ 398ರಲ್ಲಿ ಮಾಡಿದ ಲ್ಯಾಟಿನ್ ಅನುವಾದ. ಸಂಶಯಕ್ಕೆ ಎಡೆಯಾದ ಕಡೆ ತಿದ್ದಿದ್ದೇನೆಂದು ಅವನೇ ಹೇಳಿಕೊಂಡಿದ್ದಾನೆ. ಹಾಗಾಗಿ ಸೋತವನ ಮಾತು ನಮಗೆ ದಕ್ಕಿದ್ದು ಬಹುಮಟ್ಟಿಗೆ ಇನ್ನೊಂದು ಭಾಷೆಯಲ್ಲಿ, ಇನ್ನೊಬ್ಬನ ಕೈ ಬಿದ್ದ ಮೇಲೆ.

ಇದೇ ಪದ 19ನೆಯ ಶತಮಾನದಲ್ಲಿ ಕನ್ನಡಕ್ಕೂ ಬಂತು. ಆದೋನಿ, ರಾಯದುರ್ಗಗಳಿಗೆ ಹತ್ತಿರದ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲ್ ಅನುವಾದಕ್ಕೆ ಕೈಹಾಕಿದ. ಕನ್ನಡ ಬೈಬಲಿನಲ್ಲಿ ಗೆಹೆನ್ನಕ್ಕೆ ‘ನರಕ’ ನಿಂತಿತು. ನಮ್ಮ ನರಕಕ್ಕೆ ಅವಧಿಯುಂಟಲ್ಲ! ಕೊನೆಯಿಲ್ಲದ ಅರ್ಥವನ್ನು ‘ನಿತ್ಯ’ ಎಂಬ ವಿಶೇಷಣವೇ ಹೊರಬೇಕಾಯಿತು. ಅಗಸ್ಟೀನನ ಪಕ್ಷ ಕನ್ನಡಕ್ಕೆ ಬಂದದ್ದು ಈ ಎರಡಕ್ಷರದಲ್ಲಿ. ಹಳೆಯ ಪಕ್ಷ “ಯಾವಾಗ ಮುಗೀತದೋ” ಎಂಬ ಆಡುಮಾತಿನಲ್ಲಿ ಹಾಗೇ ಉಳಿದಿದೆ. ನಿಘಂಟಿನ ಸಮಾನಪದದಿಂದ ಮಾತ್ರ ಅರ್ಥ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.