ಅಮೆರಿಕದ ಸಲಿಂಗಪ್ರೇಮಿ ಮಹಿಳೆಯರ ಸಮುದಾಯಜೀವನ ಮತ್ತು ಅದರ ಚರಿತ್ರೆಯ ಆಕರಗಳು

೧

ಚರಿತ್ರೆಯನ್ನು ಬರೆಯ ಹೊರಟವರು ಆಕರಗಳು ಯಾವುವೆಂದು ಕೇಳುವುದು ವಾಡಿಕೆ. ಆ ಆಕರಗಳನ್ನು ಬರೆದವರು ಯಾರು, ಕಾಪಾಡಿ ಇಟ್ಟವರು ಯಾರು ಎಂದು ಕೇಳುವುದೂ ಅಷ್ಟೇ ಅವಶ್ಯಕ. ನಮ್ಮ ನಾಡಿನ ಶಾಸನಗಳನ್ನು ಬಹುಮಟ್ಟಿಗೆ ಅರಸರು, ಅಧಿಕಾರಿಗಳು, ದಾನಿಗಳು ಹಾಕಿಸಿದರು. ಕಡತಗಳನ್ನು ಶಾನುಭೋಗರು ಬರೆದರು. ಅವುಗಳಲ್ಲಿ ಹೆಸರು ಕಾಣದ ಜನರು ಬಾಳಲೇ ಇಲ್ಲವೆಂದು ಯಾವ ವಿದ್ವಾಂಸರೂ ಹೇಳಲಾರರು. ಆದರೆ ಇದಕ್ಕಿಂತಲೂ ಕಠಿಣವಾದ ಸಂದರ್ಭವೊಂದುಂಟು. ತಮ್ಮ ಹೆಸರು ಯಾವ ಕಾಗದದಲ್ಲಿಯೂ ಉಳಿಯದಿರಲೆಂದು ತಾವೇ ಎಚ್ಚರವಹಿಸಿ ಬಾಳಿದವರ ಚರಿತ್ರೆಯನ್ನು ಬರೆಯುವುದು ಹೇಗೆ?

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಸ್ತ್ರೀಯರನ್ನೇ ಪ್ರೀತಿಸಿ, ಸ್ತ್ರೀಯರೊಡನೆಯೇ ಸಂಸಾರ ಹೂಡಿ ಬಾಳಿದ ಮಹಿಳೆಯರ, ಎಂದರೆ ಲೆಸ್ಬಿಯನ್ ಮಹಿಳೆಯರ, ಸಮುದಾಯಜೀವನವು ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿದೆ. ಅದರ ಮೂರು ಘಟ್ಟಗಳನ್ನು ನಾವು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸುವುದಾದರೆ, ಹೆಸರನ್ನು ಮರೆಮಾಡುವುದು ಈ ಸಮುದಾಯವು ಬದುಕಿ ಉಳಿಯಲು ಅಗತ್ಯವಾಗಿತ್ತು. ಆ ಮರೆಯೇ ಅದರ ಚರಿತ್ರೆಯನ್ನು ಅಳಿಸತೊಡಗಿತು. ತಮ್ಮ ಕಾಗದಪತ್ರಗಳನ್ನು ತಾವೇ ಕಾಯುವ ವ್ಯವಸ್ಥೆಯನ್ನು ಮಾಡಿಕೊಂಡ ಬಳಿಕ ಮಾತ್ರ ಈ ಇಕ್ಕಟ್ಟಿಗೆ ಒಂದು ಪರಿಹಾರ ದೊರೆಯಿತು.

೨

ಹೆಸರಿನ ವಿಷಯದಲ್ಲಿ ಅಷ್ಟು ಭಯವೇಕೆ ಎಂಬುದನ್ನು ಮೊದಲು ತಿಳಿಯಬೇಕು. ೧೯೫೨ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ರೋಗಗಳ ಕೈಪಿಡಿಯು ಸಲಿಂಗಪ್ರೇಮವನ್ನು ಮಾನಸಿಕ ವಿಕಾರಗಳ ಸಾಲಿಗೆ ಸೇರಿಸಿತ್ತು. ಆ ತೀರ್ಮಾನವನ್ನು ಸಂಘವು ಕೈಬಿಟ್ಟದ್ದು ೧೯೭೩ರಲ್ಲಿ. ೧೯೫೩ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ೧೦೪೫೦ನೆಯ ಸಂಖ್ಯೆಯ ಆಜ್ಞೆಯು 'ಲೈಂಗಿಕ ವಿಕೃತಿ'ಯನ್ನು ಕೇಂದ್ರ ಸರಕಾರದ ಉದ್ಯೋಗಕ್ಕೆ ಅನರ್ಹತೆಯ ಕಾರಣಗಳಲ್ಲೊಂದಾಗಿ ಎಣಿಸಿತು. ಪೊಲೀಸರು ಪಾನಗೃಹಗಳ ಮೇಲೆ ದಾಳಿಮಾಡುವುದೂ, ಸೆರೆಸಿಕ್ಕವರ ಹೆಸರು ವೃತ್ತಪತ್ರಿಕೆಗಳಲ್ಲಿ ಅಚ್ಚಾಗುವುದೂ ಆಗ ಅಪರೂಪವಾಗಿರಲಿಲ್ಲ. ಒಮ್ಮೆ ಹೆಸರು ಹೊರಬಿದ್ದರೆ ಉದ್ಯೋಗ, ವಾಸದ ಮನೆ, ತಾಯ್ತಂದೆಯರ ಆಶ್ರಯ ಇವೆಲ್ಲವೂ ಕೈತಪ್ಪುವ ಸಂಭವವಿತ್ತು.

ಆದರೂ ಈ ಮಹಿಳೆಯರು ಒಬ್ಬೊಬ್ಬರಾಗಿ ಒಂಟಿಯಾಗಿ ಬಾಳಿದರೆಂದು ತಿಳಿಯಬಾರದು. ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿರುವ ಕೈಗಾರಿಕಾ ನಗರ ಬಫಲೋದಲ್ಲಿ ಮಾನವಶಾಸ್ತ್ರಜ್ಞೆ ಎಲಿಜಬೆತ್ ಲಪೋವ್ಸ್ಕಿ ಕೆನಡಿ ಮತ್ತು ಗ್ರಂಥಪಾಲಕಿ ಮ್ಯಾಡಲಿನ್ ಡೇವಿಸ್ ಅವರು ೧೯೭೮ರಿಂದ ನಡೆಸಿದ ಸಂಶೋಧನೆಯು ಇದಕ್ಕೆ ಪ್ರಮಾಣವಾಗಿದೆ. ೪೫ ಮಂದಿ ಮಹಿಳೆಯರ ಬಾಯಿಂದ ಕೇಳಿ ಬರೆದುಕೊಂಡ ಜೀವನಕಥನಗಳ ಆಧಾರದ ಮೇಲೆ ಅವರು ರಚಿಸಿದ ಗ್ರಂಥವು ೧೯೯೩ರಲ್ಲಿ ಪ್ರಕಟವಾಯಿತು. ಸುಮಾರು ೧೯೩೦ರ ದಶಕದ ನಡುಭಾಗದಿಂದ ೧೯೬೦ರ ದಶಕದ ಆರಂಭದವರೆಗಿನ ಕಾಲವನ್ನು ಅದು ಒಳಗೊಂಡಿದೆ. ಕಾರ್ಖಾನೆಯಲ್ಲಿ ದುಡಿಯುವ ಶ್ರಮಜೀವಿ ಮಹಿಳೆಯರಿಗೆ ಪಾನಗೃಹವೇ ಸಭಾಮಂದಿರವೂ ಆಗಿತ್ತು, ನೆಂಟರ ಮನೆಯೂ ಆಗಿತ್ತು. ಹೊಸದಾಗಿ ಬಂದ ಕಿರಿಯಳಿಗೆ ಉಡುವ ರೀತಿಯನ್ನೂ ನಡೆನುಡಿಯನ್ನೂ ಹಿರಿಯರು ಅಲ್ಲಿಯೇ ಕಲಿಸಿಕೊಡುತ್ತಿದ್ದರು. ಗಂಡುಡುಗೆ ತೊಟ್ಟು ನಡೆಯುವವರನ್ನು 'ಬುಚ್' ಎಂದೂ, ಅವರ ಸಂಗಾತಿಯರನ್ನು 'ಫೆಮ್' ಎಂದೂ ಕರೆಯುವ ವಾಡಿಕೆಯಿತ್ತು. ಕರಿಯ ಜನಾಂಗದ ಮಹಿಳೆಯರ ಸಾಮಾಜಿಕ ಜೀವನವಾದರೋ ಹೆಚ್ಚಾಗಿ ಮನೆಗಳಲ್ಲಿ ಏರ್ಪಡುತ್ತಿದ್ದ ಕೂಟಗಳನ್ನು ಅವಲಂಬಿಸಿತ್ತು.

ಈ ಪಾನಗೃಹಗಳಿಗೆ ನಡವಳಿಕೆ ಪುಸ್ತಕವಿರಲಿಲ್ಲ, ಸದಸ್ಯರ ಪಟ್ಟಿಯಿರಲಿಲ್ಲ. ಅಲ್ಲಿಗೆ ಹೋಗುತ್ತಿದ್ದವರ ಬಗ್ಗೆ ಅಂದು ಬರೆದಿಟ್ಟವರಿದ್ದರೆ ಅವರು ಪೊಲೀಸರು, ಇಲ್ಲವೆ ವೈದ್ಯರು. ಒಂದು ಪಂಗಡವನ್ನು ಅಪರಾಧಿಗಳೆಂದು ಬಗೆದವನ ಬರವಣಿಗೆಯಲ್ಲಿ ಅಪರಾಧ ಕಂಡೀತು. ರೋಗಿಗಳೆಂದು ಬಗೆದವನ ಬರವಣಿಗೆಯಲ್ಲಿ ರೋಗ ಕಂಡೀತು. ಸ್ನೇಹ, ಔದಾರ್ಯ, ಜಗಳ, ಹಾಸ್ಯ ಇವುಗಳಿಗೆ ಅಲ್ಲಿ ಎಡೆಯಿಲ್ಲ. ಬಫಲೋದ ವೃದ್ಧೆಯರು ಬಾಯಿಬಿಡದೆ ಹೋಗಿದ್ದರೆ ನಮಗೆ ಉಳಿಯುತ್ತಿದ್ದುದು ಈ ಬಗೆಯ ಕಾಗದಗಳು ಮಾತ್ರ. ಅಂದು ಬೀದಿಯಲ್ಲಿ ತಲೆಯೆತ್ತಿ ನಡೆದು, ಏಟು ತಿಂದು, ಏಟಿಗೆ ಏಟು ಕೊಟ್ಟು ತಮ್ಮ ಸ್ಥಳಗಳನ್ನು ಉಳಿಸಿಕೊಂಡ ಈ ಶ್ರಮಜೀವಿಗಳೇ ಮುಂದಿನ ಚಳುವಳಿಗೆ ನೆಲ ಹದಮಾಡಿದರೆಂಬುದು ಆ ಗ್ರಂಥಕರ್ತೆಯರ ಮುಖ್ಯ ನಿರ್ಣಯ.

೩

ಎರಡನೆಯ ಘಟ್ಟವು ಸಂಘ ಮತ್ತು ಪತ್ರಿಕೆಯದು. ೧೯೫೫ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಎಂಟು ಮಂದಿ ಮಹಿಳೆಯರು, ಎಂದರೆ ನಾಲ್ಕು ಜೋಡಿಗಳು, ಕೂಡಿ ಒಂದು ಗುಪ್ತ ಕೂಟವನ್ನು ಸ್ಥಾಪಿಸಿದರು. ಪೊಲೀಸರ ಭಯವಿಲ್ಲದೆ ಒಬ್ಬರೊಡನೊಬ್ಬರು ಕಲೆತು ನರ್ತಿಸಲು ಒಂದು ಸ್ಥಳ ಬೇಕೆಂದು ಮೊದಲು ಸೂಚಿಸಿದವಳು ಫಿಲಿಪ್ಪೀನ್ ಮೂಲದ ಮಹಿಳೆ. ಕೂಟಕ್ಕೆ 'ಡಾಟರ್ಸ್ ಆಫ್ ಬಿಲಿಟಿಸ್', ಎಂದರೆ 'ಬಿಲಿಟಿಸಳ ಪುತ್ರಿಯರು', ಎಂದು ಹೆಸರಿಟ್ಟರು. ಬಿಲಿಟಿಸ್ ಎಂಬವಳು ಫ್ರೆಂಚ್ ಕವಿ ಪಿಯೇರ್ ಲೂಯಿಸ್ ೧೮೯೪ರ ತನ್ನ ಗ್ರಂಥದಲ್ಲಿ ಕಲ್ಪಿಸಿದ ಕವಯಿತ್ರಿ. ಅವಳು ಗ್ರೀಸಿನ ಸ್ಯಾಫೋಳ ಸಮಕಾಲೀನಳೆಂದೂ, ತಾನು ಅನುವಾದಕನು ಮಾತ್ರವೆಂದೂ ಆತನು ಓದುಗರನ್ನು ನಂಬಿಸಿದ್ದನು. ತಿಳಿದವರಿಗೆ ಈ ಹೆಸರಿನ ಅರ್ಥ ಹೊಳೆಯುತ್ತಿತ್ತು. ತಿಳಿಯದವರಿಗೆ ಅದು ಯಾವುದೋ ಗೌರವಸ್ಥ ಮಹಿಳಾಸಮಾಜದ ಹೆಸರಿನಂತೆ ಕೇಳಿಸುತ್ತಿತ್ತು.

ಕೂಟವು ಗುಪ್ತವಾಗಿಯೇ ಇರಬೇಕೇ, ಹೊರಗಿನ ಜನರೊಡನೆಯೂ ಮಾತನಾಡಬೇಕೇ ಎಂಬ ಭಿನ್ನಾಭಿಪ್ರಾಯವು ಬೇಗನೆ ತಲೆದೋರಿತು. ಮೊದಲ ಅಧ್ಯಕ್ಷೆ ಡೆಲ್ ಮಾರ್ಟಿನ್ ಮತ್ತು ಆಕೆಯ ಜೀವನಸಂಗಾತಿ ಫಿಲಿಸ್ ಲಯನ್ ಎರಡನೆಯ ಮಾರ್ಗವನ್ನು ಹಿಡಿದರು. ಗುಪ್ತಕೂಟವನ್ನೇ ಬಯಸಿದವರು ಹೊರನಡೆದರು. ೧೯೫೬ರ ಅಕ್ಟೋಬರಿನಲ್ಲಿ 'ದಿ ಲ್ಯಾಡರ್', ಎಂದರೆ 'ಏಣಿ', ಎಂಬ ಮಾಸಪತ್ರಿಕೆ ಹೊರಟಿತು. ಮೊದಲ ಸಂಚಿಕೆಯನ್ನು ಸೈಕ್ಲೋಸ್ಟೈಲ್ ಮಾಡಿ ೧೭೫ ಪ್ರತಿಗಳನ್ನು ಹಂಚಿದರು. ಸಂಪಾದಕಿ ಲಯನ್ ಮೊದಮೊದಲು 'ಆನ್ ಫರ್ಗುಸನ್' ಎಂಬ ಕಲ್ಪಿತನಾಮವನ್ನು ಬಳಸಿದಳು. ಎರಡನೆಯ ಸಂಚಿಕೆಯಲ್ಲಿಯೇ ಆಕೆ ಚಂದಾದಾರರ ಹೆಸರುಗಳು ಸುರಕ್ಷಿತವೆಂದು ಭರವಸೆಯಿತ್ತು, ಕೊಂಡವರ ಹೆಸರನ್ನು ಹೇಳಲೊಪ್ಪದ ಪ್ರಕಾಶಕನೊಬ್ಬನ ಪರವಾಗಿ ಸುಪ್ರೀಂ ಕೋರ್ಟು ೧೯೫೩ರಲ್ಲಿ ಕೊಟ್ಟ ತೀರ್ಪನ್ನು ಉದಾಹರಿಸಿದಳು. ಆದರೆ ಓದುಗರಿಗೆ ಧೈರ್ಯ ಹೇಳುವವಳು ತಾನೇ ಮರೆಯಲ್ಲಿರುವುದು ಸಲ್ಲದೆಂದು ಬಗೆದು, ೧೯೫೭ರ ಜನವರಿಯ ಸಂಚಿಕೆಯಲ್ಲಿ ಆನ್ ಫರ್ಗುಸನ್ ಸತ್ತಳೆಂದು ಸಾರಿ ತನ್ನ ನಿಜನಾಮವನ್ನು ಪ್ರಕಟಪಡಿಸಿದಳು.

ಈ ಪತ್ರಿಕೆಯ ಸಂಚಿಕೆಗಳನ್ನು ಕ್ರಮವಾಗಿ ನೋಡುತ್ತ ಹೋದರೆ ಮರೆಯು ಎಷ್ಟು ನಿಧಾನವಾಗಿ, ಎಷ್ಟು ಬಗೆಗಳಲ್ಲಿ ಸರಿಯಿತೆಂಬುದು ಸ್ಪಷ್ಟವಾಗುತ್ತದೆ. ೧೯೫೭ರಲ್ಲಿ ಅಚ್ಚಾದ ಎರಡು ಓಲೆಗಳ ಕೆಳಗೆ ಬರಿಯ ಅಕ್ಷರಗಳ ಸಹಿಯಿದೆ. ಬರೆದವಳು ಎರಡು ವರ್ಷಗಳ ತರುವಾಯ ನಾಟಕಕರ್ತೆಯಾಗಿ ಪ್ರಖ್ಯಾತಳಾದ ಲೊರೇನ್ ಹ್ಯಾನ್ಸ್‌ಬೆರಿ. ೧೯೬೩ರಿಂದ ೧೯೬೬ರವರೆಗೆ ಸಂಪಾದಕಿಯಾಗಿದ್ದ ಬಾರ್ಬರಾ ಗಿಟಿಂಗ್ಸ್, ರೇಖಾಚಿತ್ರಗಳ ಬದಲು ನಿಜವಾದ ಮಹಿಳೆಯರ ಛಾಯಾಚಿತ್ರಗಳನ್ನು ಮುಖಪುಟದಲ್ಲಿ ಹಾಕತೊಡಗಿದಳು. ೧೯೬೪ರ ನವೆಂಬರಿನಲ್ಲಿ ಪೂರ್ಣಮುಖದ ಚಿತ್ರವನ್ನು ಕೊಡಲೊಪ್ಪಿದವಳು ಇಂಡೊನೇಷ್ಯದ ಮಹಿಳೆ ಎಂಬುದು ಗಮನಾರ್ಹ. ೧೯೬೬ರ ಜೂನ್ ಸಂಚಿಕೆಯಲ್ಲಿ ಕರಿಯ ಜನಾಂಗದ ಕಾರ್ಯಕರ್ತೆ ಅರ್ನೆಸ್ಟಿನ್ ಎಕ್‌ಸ್ಟೈನ್ ಕಾಣಿಸಿಕೊಂಡಳು. ಹಿಂದಿನ ವರ್ಷ ಶ್ವೇತಭವನದ ಮುಂದೆ ಫಲಕ ಹಿಡಿದು ನಿಂತವರಲ್ಲಿ ಆಕೆಯೂ ಒಬ್ಬಳು. ಹಾಗಿದ್ದರೂ ಪತ್ರಿಕೆಯಲ್ಲಿ ಅಚ್ಚಾದ ಮುಖ ನಿಜವಾದದ್ದು, ಹೆಸರು ಕಲ್ಪಿತವಾದದ್ದು.

ಸಂಘದ ಮಿತಿಗಳನ್ನೂ ಹೇಳದಿದ್ದರೆ ವಿವೇಚನೆ ಏಕಪಕ್ಷೀಯವಾದೀತು. ಸಮಾಜಕ್ಕೆ ಒಪ್ಪುವ ಉಡುಗೆ ಮತ್ತು ನಡತೆಯನ್ನು ಸದಸ್ಯೆಯರಿಗೆ ಬೋಧಿಸುವುದು ಅದರ ಘೋಷಿತ ಉದ್ದೇಶಗಳಲ್ಲೊಂದಾಗಿತ್ತು. ೧೯೬೦ರ ಮೇ ತಿಂಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸುಮಾರು ೨೦೦ ಮಂದಿ ಸೇರಿದ ಅಧಿವೇಶನಕ್ಕೆ ಪೊಲೀಸರು ಬಂದು, ಹೆಂಗಸರು ಗಂಡುಡುಗೆ ತೊಟ್ಟಿರುವರೇ ಎಂದು ವಿಚಾರಿಸಿದಾಗ, ಡೆಲ್ ಮಾರ್ಟಿನ್ ಅವರನ್ನು ಒಳಗೆ ಕರೆದು ನೋಡಹೇಳಿದಳು. ಅಲ್ಲಿದ್ದವರೆಲ್ಲ ಸಾಮಾನ್ಯ ಸ್ತ್ರೀವೇಷದಲ್ಲಿದ್ದರು. ಬಫಲೋದ ಪಾನಗೃಹಗಳಲ್ಲಿದ್ದಂತಹ ಬುಚ್ ಮಹಿಳೆಗೆ ಈ ಸಭೆಯಲ್ಲಿ ಸುಲಭವಾಗಿ ಸ್ಥಾನ ದೊರೆಯುತ್ತಿರಲಿಲ್ಲವೆಂದು ಊಹಿಸಬಹುದು. ಸಂಘದ ಕಾಗದಗಳು ಉಳಿದವು, ಪಾನಗೃಹದ ಮಾತುಗಳು ಗಾಳಿಗೆ ಹೋದವು. ಆದುದರಿಂದ ಕೇವಲ ಪತ್ರಿಕೆಯನ್ನು ನಂಬಿ ಚರಿತ್ರೆ ಬರೆದರೆ ಮಧ್ಯಮವರ್ಗದವರ ದೃಷ್ಟಿಯೇ ಇಡೀ ಸಮುದಾಯದ ದೃಷ್ಟಿಯೆಂಬ ತಪ್ಪು ತಿಳಿವಳಿಕೆ ಉಂಟಾಗುತ್ತದೆ.

೪

ಹೆಸರುಪಟ್ಟಿಯೆಂಬುದು ಎಂತಹ ವಸ್ತುವೆಂಬುದನ್ನು ೧೯೭೦ರ ಘಟನೆಯೊಂದು ತೋರಿಸಿಕೊಟ್ಟಿತು. ಆಗ ಸಂಘವು ಒಡೆಯುವ ಸ್ಥಿತಿಯಲ್ಲಿತ್ತು. ರಾಷ್ಟ್ರೀಯ ಅಧ್ಯಕ್ಷೆ ರೀಟಾ ಲಪೋರ್ಟ್ ಮತ್ತು ಪತ್ರಿಕೆಯ ಸಂಪಾದಕಿ ಬಾರ್ಬರಾ ಗ್ರಿಯರ್ ಇಬ್ಬರೂ ಪತ್ರಿಕೆಯನ್ನಾದರೂ ಉಳಿಸಬೇಕೆಂದು, ೩,೮೦೦ ಹೆಸರುಗಳಿದ್ದ ಚಂದಾದಾರರ ಪಟ್ಟಿಯನ್ನು ಇತರರಿಗೆ ತಿಳಿಸದೆ ನೆವಾಡ ಸಂಸ್ಥಾನಕ್ಕೆ ಸಾಗಿಸಿದರು. ಮಾರ್ಟಿನ್ ಮತ್ತು ಲಯನ್ ಇದನ್ನು ಕಳವೆಂದೇ ಭಾವಿಸಿದರು. ಪತ್ರಿಕೆಯು ಸ್ವತಂತ್ರವಾಗಿ ೧೯೭೨ರವರೆಗೆ ನಡೆದು ನಿಂತಿತು. ೧೯೭೫ರಲ್ಲಿ ಅದರ ಎಲ್ಲ ಸಂಪುಟಗಳೂ ಪುನರ್ಮುದ್ರಣಗೊಂಡುದರಿಂದ ಇಂದು ವಿದ್ವಾಂಸರಿಗೆ ದೊರೆಯುತ್ತಿವೆ. ಪಟ್ಟಿಯನ್ನು ಒಯ್ದದ್ದು ನ್ಯಾಯವೇ ಎಂಬ ತೀರ್ಮಾನವನ್ನು ನಾವು ಓದುಗರಿಗೆ ಬಿಡುತ್ತೇವೆ. ಸುರಕ್ಷಿತವಾಗಿರುವುದೆಂಬ ಮಾತನ್ನು ನಂಬಿ ಹೆಸರನ್ನು ಒಪ್ಪಿಸಿದವರ ಅನುಮತಿಯನ್ನು ಅಂದು ಯಾರೂ ಕೇಳಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಗುರುತಿಸಿದರೆ ಸಾಕು. ಈ ಸಮುದಾಯಕ್ಕೆ ತನ್ನ ಕಾಗದಗಳ ಒಡೆತನವು ಯಾರದೆಂಬ ಪ್ರಶ್ನೆ ಇನ್ನು ತಪ್ಪಿಸಿಕೊಳ್ಳಲಾಗದ್ದಾಯಿತು.

ಈ ಪ್ರಶ್ನೆಗೆ ಒಂದು ಉತ್ತರವು ನ್ಯೂಯಾರ್ಕ್ ನಗರದಲ್ಲಿ ದೊರೆಯಿತು. ೧೯೭೪ರಲ್ಲಿ ಜೋನ್ ನೆಸಲ್, ಡೆಬರಾ ಈಡಲ್ ಮೊದಲಾದವರು 'ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್' ಎಂಬ ಪತ್ರಾಗಾರವನ್ನು ಸ್ಥಾಪಿಸಿದರು. ಅದರ ಮೊದಲ ನೆಲೆ ನೆಸಲಳ ವಾಸದ ಮನೆಯ ಉಗ್ರಾಣ. ಕ್ರಮೇಣ ಮನೆಯ ಉಳಿದ ಭಾಗಗಳಿಗೂ ಕಾಗದ ಹಬ್ಬಿತು. ಸಂಗ್ರಹವು ವಿಶ್ವವಿದ್ಯಾನಿಲಯಕ್ಕೆ ಸೇರಕೂಡದು, ಸಮುದಾಯದ ನಡುವೆಯೇ ಇರಬೇಕು, ಅದನ್ನು ಮಾರಕೂಡದು, ನೋಡಬಂದವಳಲ್ಲಿ ಪದವಿ ಪ್ರಶಸ್ತಿಗಳನ್ನು ಕೇಳಕೂಡದು, ಪ್ರಖ್ಯಾತಳಾಗಿರಲಿ ಸಾಮಾನ್ಯಳಾಗಿರಲಿ ಪ್ರತಿಯೊಬ್ಬ ಲೆಸ್ಬಿಯನ್ ಮಹಿಳೆಯ ಬಾಳೂ ಸಂಗ್ರಹಯೋಗ್ಯ: ಇವು ಅದರ ನಿಯಮಗಳು. ಸಾವಿನ ಬಳಿಕ ಬಂಧುಗಳು ನಾಚಿ ಸುಟ್ಟುಬಿಡಬಹುದಾಗಿದ್ದ ಓಲೆಗಳಿಗೂ ಚಿತ್ರಗಳಿಗೂ ಹೀಗೆ ಒಂದು ಆಶ್ರಯ ದೊರೆಯಿತು. ಜನರ ದೇಣಿಗೆಯಿಂದ ಬ್ರೂಕ್ಲಿನ್ ಭಾಗದಲ್ಲಿ ಕೊಂಡ ಸ್ವಂತ ಕಟ್ಟಡದಲ್ಲಿ ಪತ್ರಾಗಾರವು ೧೯೯೩ರಲ್ಲಿ ತೆರೆಯಿತು.

ಈ ವ್ಯವಸ್ಥೆಯ ಬೆಲೆಯನ್ನು ಒಬ್ಬ ಮಹಿಳೆಯ ನಿದರ್ಶನದಿಂದ ತಿಳಿಯಬಹುದು. ಮೇಬಲ್ ಹ್ಯಾಂಪ್ಟನ್ ೧೯೦೨ರಲ್ಲಿ ಉತ್ತರ ಕ್ಯಾರೊಲಿನದಲ್ಲಿ ಕರಿಯ ಜನಾಂಗದಲ್ಲಿ ಜನಿಸಿದಳು. ಯೌವನದಲ್ಲಿ ಹಾರ್ಲೆಮಿನ ನರ್ತಕಿಯಾಗಿದ್ದು, ಆಮೇಲೆ ಬಹುಕಾಲ ಪರರ ಮನೆಗಳಲ್ಲಿ ಕೆಲಸಮಾಡಿ ಜೀವಿಸಿದಳು. ೧೯೨೪ರಲ್ಲಿ ವೇಶ್ಯಾವೃತ್ತಿಯ ಆಪಾದನೆಯ ಮೇಲೆ ಆಕೆಯನ್ನು ಬೆಡ್‌ಫರ್ಡ್ ಹಿಲ್ಸ್ ಸ್ತ್ರೀಯರ ಸೆರೆಮನೆಗೆ ಕಳುಹಿಸಿದ್ದರು. ಆ ಆಪಾದನೆ ಸುಳ್ಳೆಂದು ಆಕೆ ಕಡೆಯವರೆಗೂ ಹೇಳಿದಳು. ಸರಕಾರದ ಕಾಗದವೊಂದೇ ಉಳಿದಿದ್ದರೆ ಆಕೆಯ ಬಗ್ಗೆ ನಮಗೆ ತಿಳಿಯುತ್ತಿದ್ದುದು ಇಷ್ಟೇ. ಆದರೆ ನೆಸಲ್ ಆಕೆಯ ಮಾತುಗಳನ್ನು ಧ್ವನಿಮುದ್ರಿಸಿಕೊಂಡಳು. ೧೯೩೨ರಲ್ಲಿ ಲಿಲಿಯನ್ ಫಾಸ್ಟರ್ ಎಂಬವಳನ್ನು ಕಂಡುದು, ೧೯೭೮ರಲ್ಲಿ ಫಾಸ್ಟರ್ ತೀರಿಕೊಳ್ಳುವವರೆಗೆ ಇಬ್ಬರೂ ಒಂದಾಗಿ ಬಾಳಿದುದು, ಇವೆಲ್ಲ ಹೀಗೆ ಉಳಿದುಬಂದಿವೆ. ಹ್ಯಾಂಪ್ಟನ್ ೧೯೮೯ರಲ್ಲಿ ತೀರಿಕೊಂಡಳು. ಒಂದೇ ಬಾಳಿನ ಈ ಎರಡು ಆಕರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಆಕರವಿಮರ್ಶೆಯ ಬೇರೆ ಪಾಠ ಬೇಕಾಗಲಾರದು.

೫

ಈವರೆಗಿನ ವಿವೇಚನೆಯಿಂದ ಎರಡು ಅಂಶಗಳು ಹೊರಪಡುತ್ತವೆ. ಮೊದಲನೆಯದು, ದಾಖಲೆಯ ಅಭಾವವನ್ನು ಸಮುದಾಯದ ಅಭಾವವೆಂದು ಎಣಿಸಕೂಡದು. ಎರಡನೆಯದು, ಮರೆಯಲ್ಲಿ ಬಾಳಿದವರ ಹೆಸರನ್ನು ಬೆಳಕಿಗೆ ತರುವ ಹಕ್ಕು ಸಂಶೋಧಕನಿಗೆ ತಾನಾಗಿ ಬರುವುದಿಲ್ಲ. ಬಫಲೋದ ಗ್ರಂಥಕರ್ತೆಯರು ತಮಗೆ ಕಥೆ ಹೇಳಿದವರಿಗೆ ಕಲ್ಪಿತನಾಮಗಳನ್ನಿತ್ತು ಈ ಮರ್ಯಾದೆಯನ್ನು ಪಾಲಿಸಿದ್ದಾರೆ. ಹಾಗೆ ಮಾಡಿದುದರಿಂದ ಅವರ ಗ್ರಂಥದ ಪ್ರಾಮಾಣ್ಯಕ್ಕೆ ಕುಂದು ಬಂದಿಲ್ಲ.

ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್ ೧೯೫೩ರಿಂದ ಒಟ್ಟಿಗೆ ಸಂಸಾರ ನಡೆಸಿದ್ದರು. ೨೦೦೪ರ ಫೆಬ್ರುವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರಾಡಳಿತವು ಅವರಿಬ್ಬರ ವಿವಾಹವನ್ನು ನಡೆಯಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟು ಅದನ್ನು ಅಸಿಂಧುವೆಂದು ಸಾರಿತು. ೨೦೦೮ರ ಜೂನ್ ೧೬ರಂದು ಅವರು ಕಾನೂನಿನ ಸಮ್ಮತಿಯೊಡನೆ ಮತ್ತೆ ವಿವಾಹವಾದರು. ಆ ಆಗಸ್ಟಿನಲ್ಲಿಯೇ ಮಾರ್ಟಿನ್ ತೀರಿಕೊಂಡಳು. ಲಯನ್ ೨೦೨೦ರಲ್ಲಿ ತೀರಿಕೊಂಡಳು. ಪೊಲೀಸರ ಪುಸ್ತಕಕ್ಕೆ ಹೆಸರು ಸೇರೀತೆಂದು ಹೆದರಿ ಎಂಟು ಮಂದಿ ಗುಪ್ತಕೂಟ ಕಟ್ಟಿದ ನಗರದಲ್ಲಿಯೇ, ಐವತ್ತಮೂರು ವರ್ಷಗಳ ತರುವಾಯ, ಅವರಲ್ಲಿ ಇಬ್ಬರ ಹೆಸರುಗಳು ಅವರ ಇಚ್ಛೆಯಿಂದಲೇ ವಿವಾಹದ ದಾಖಲೆಯಲ್ಲಿ ಬರೆಯಲ್ಪಟ್ಟವು. ಉಳಿದ ಆರು ಮಂದಿಯ ಬಾಳನ್ನೂ ಇದೇ ಚರಿತ್ರೆಯ ಭಾಗವೆಂದು ಎಣಿಸುವುದು ಮುಂದಿನ ಸಂಶೋಧಕರ ಹೊಣೆಯೆಂದು ನಾವು ಭಾವಿಸುತ್ತೇವೆ.